ಮಾಯಾ ನಗರಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು? ಚಿಚೆನ್ ಇಟ್ಸಾದಿಂದ ಕೊಪಾನ್‌ವರೆಗೆ ಒಂದು ಹೋಲಿಕೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಚಳಿಗಾಲದ ರಜೆಗೆ ಮೆಕ್ಸಿಕೊದ ಕಾನ್ಕುನ್ ಕಡೆಗೆ ಹೊರಡುತ್ತಾರೆ. ಮಕ್ಕಳನ್ನು ನೋಡಲು ಊರಿನಿಂದ ಬಂದ ತಂದೆ ತಾಯಿಯೂ ಕೆಲವೊಮ್ಮೆ ಜೊತೆಗಿರುತ್ತಾರೆ. ಸಮುದ್ರ ನೋಡಿದ ಮೇಲೆ ಮಾಯಾ ಜನರ ಹಳೆಯ ನಗರವನ್ನೂ ಒಂದು ನೋಡಿಬಿಡೋಣ ಎಂದುಕೊಂಡಾಗ ತೊಡಕು ಶುರುವಾಗುತ್ತದೆ. ಚಿಚೆನ್ ಇಟ್ಸಾ ಹತ್ತಿರ, ಆದರೆ ಜನಜಾತ್ರೆ. ಟಿಕಾಲ್ ಅದ್ಭುತ ಎನ್ನುತ್ತಾರೆ, ಆದರೆ ಅದು ಬೇರೆ ದೇಶದಲ್ಲಿದೆ. ಪಲೆಂಕೆಯ ಚಿತ್ರಗಳು ಮನಸ್ಸನ್ನು ಸೆಳೆಯುತ್ತವೆ, ಆದರೆ ದಾರಿ ಸುರಕ್ಷಿತವೇ ಎಂಬ ಅಂಜಿಕೆ. ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸುವ ಯೋಜನೆ ಹಾಕಿದವರ ರಜೆ ಬಹುಪಾಲು ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಮಾಯಾ ನಾಡು ಒಂದು ದೇಶವಲ್ಲ. ಅದು ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಭಾಗಗಳಲ್ಲಿ ಹರಡಿಕೊಂಡಿದೆ. ಅಲ್ಲಿ ಒಬ್ಬ ಚಕ್ರವರ್ತಿಯ ಸಾಮ್ರಾಜ್ಯ ಎಂದೂ ಇರಲಿಲ್ಲ. ಹತ್ತಾರು ನಗರ ರಾಜ್ಯಗಳು ಪರಸ್ಪರ ಮದುವೆಯ ನಂಟು ಬೆಳೆಸುತ್ತ, ಯುದ್ಧ ಮಾಡುತ್ತ ಬದುಕಿದ್ದವು. ಹಾಗಾಗಿ ಒಂದು ನಗರದ ಕಲ್ಲು, ಕೆತ್ತನೆ, ಕಟ್ಟಡದ ಶೈಲಿ ಇನ್ನೊಂದರಂತಿಲ್ಲ. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಯಾವುದು ದೊಡ್ಡದು, ಯಾವುದು ಪ್ರಸಿದ್ಧ ಎಂದು ಕೇಳುವ ಬದಲು ನಿಮಗೆ ಬೇಕಾದದ್ದೇನು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ಮೊದಲನೆಯದು ಅಭಿರುಚಿ. ಎತ್ತರದ ಕಟ್ಟಡ ಬೇಕೆ, ಹತ್ತಿರ ನಿಂತು ನೋಡುವ ಶಿಲ್ಪ ಬೇಕೆ, ಕಾಡಿನೊಳಗಿನ ನಡಿಗೆ ಬೇಕೆ, ಹೆಸರು ಮತ್ತು ಇಸವಿ ಸಮೇತ ಓದಬಲ್ಲ ರಾಜರ ಕಥೆ ಬೇಕೆ? ನಾಲ್ಕಕ್ಕೂ ಬೇರೆ ಬೇರೆ ಉತ್ತರಗಳಿವೆ.

ಎರಡನೆಯದು ದಾರಿ. ವಿಮಾನ ನಿಲ್ದಾಣದಿಂದ ಎಷ್ಟು ದೂರ, ಹಗಲಿನಲ್ಲೇ ಹೋಗಿ ಬರಬಹುದೇ, ಗಡಿ ದಾಟಬೇಕೇ. ಮೂರನೆಯದು ದೇಹ. ಮಾಯಾ ಮೆಟ್ಟಿಲುಗಳು ಕಡಿದು, ಪಾವಟಿಗೆಗಳು ಕಿರಿದು. ಮೊಣಕಾಲು ನೋವಿರುವವರಿಗೆ ಇಳಿಯುವುದೇ ಕಷ್ಟ. ಅದಕ್ಕಿಂತಲೂ ಹೆಚ್ಚಾಗಿ ಕಾಡುವುದು ಬಿಸಿಲು. ಚಿಚೆನ್ ಇಟ್ಸಾ ಇರುವ ಯುಕಟಾನ್‌ನ ಸುಣ್ಣಕಲ್ಲಿನ ಬಯಲಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ ನಮ್ಮ ರಾಯಚೂರಿನವರಿಗೂ ಸುಲಭವಲ್ಲ.

ನಾಲ್ಕನೆಯದು ಜನಸಂದಣಿ, ಐದನೆಯದು ಖರ್ಚು. ಖರ್ಚಿನ ವಿಷಯದಲ್ಲಿ ಒಂದು ಮಾತು: ಪ್ರವೇಶ ಶುಲ್ಕ ಎಲ್ಲಿಯೂ ದೊಡ್ಡ ಹೊರೆಯಲ್ಲ. ಹಣ ಹೋಗುವುದು ಕಾರು, ಒಳನಾಡಿನ ವಿಮಾನ ಮತ್ತು ಅವಸರದ ಪ್ಯಾಕೇಜುಗಳಿಗೆ.

ಪಿರಮಿಡ್ ಹತ್ತಲು ಬಿಡುತ್ತಾರೆಯೇ ಎಂದು ಕೆಲವರು ಮೊದಲೇ ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಅಪಘಾತ ಮತ್ತು ಕಲ್ಲಿನ ಸವೆತದಿಂದಾಗಿ ಒಂದೊಂದೇ ಕಟ್ಟಡಕ್ಕೆ ಹಗ್ಗ ಕಟ್ಟುತ್ತ ಬಂದಿದ್ದಾರೆ. ಈ ವರ್ಷ ತೆರೆದಿದ್ದು ಮುಂದಿನ ವರ್ಷ ಮುಚ್ಚಿರಬಹುದು. ಹತ್ತುವುದೊಂದನ್ನೇ ನೆಚ್ಚಿ ಟಿಕೆಟ್ ತೆಗೆಯಬೇಡಿ.

ಚಿಚೆನ್ ಇಟ್ಸಾ: ಸಮಯ ಕಡಿಮೆ ಇದ್ದವರಿಗೆ

ಕಾನ್ಕುನ್‌ನಿಂದ ಸುಮಾರು 200 ಕಿಲೋಮೀಟರ್, ಒಳ್ಳೆಯ ಹೆದ್ದಾರಿ, ಎರಡೂವರೆ ಗಂಟೆಯ ದಾರಿ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2007ರಲ್ಲಿ ಮತದಾನದ ಮೂಲಕ ಆರಿಸಿದ ಹೊಸ ಏಳು ಅದ್ಭುತಗಳಲ್ಲಿ ತಾಜ್ ಮಹಲ್ ಜೊತೆ ಇದರ ಹೆಸರೂ ಬಂದ ಮೇಲೆ ಜನ ಇನ್ನಷ್ಟು ಹೆಚ್ಚಿದರು. ಈಗ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬರುತ್ತಾರೆ.

ನಡುವೆ ನಿಂತಿರುವುದು ಕುಕುಲ್ಕಾನ್ ಎಂಬ ಗರಿ ಹೊತ್ತ ನಾಗದೇವತೆಯ ಪಿರಮಿಡ್. ಸುಮಾರು 30 ಮೀಟರ್ ಎತ್ತರ. ನಾಲ್ಕು ಬದಿಗೂ 91ರಂತೆ ಮೆಟ್ಟಿಲು, ಮೇಲಿನ ಒಂದು ಹಂತ ಸೇರಿಸಿದರೆ 365, ಅಂದರೆ ವರ್ಷದ ದಿನಗಳು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ಇರುಳು ಸಮನಾಗುವ ದಿನ ಸಂಜೆಯ ಬಿಸಿಲು ಉತ್ತರದ ಮೆಟ್ಟಿಲ ಬದಿಯಲ್ಲಿ ತ್ರಿಕೋನಗಳ ಸಾಲಾಗಿ ಬಿದ್ದು, ಕೆಳಗಿರುವ ಕಲ್ಲಿನ ಹಾವಿನ ತಲೆಗೆ ಮೈ ಬಂದಂತೆ ಕಾಣುತ್ತದೆ. ಅದನ್ನು ನೋಡಲೇಬೇಕೆಂದಿದ್ದರೂ ಆ ದಿನವೇ ಹೋಗಬೇಡಿ, ಕಾಲಿಡಲು ಜಾಗವಿರುವುದಿಲ್ಲ. ಒಂದೆರಡು ದಿನ ಹಿಂದೆ ಮುಂದೆ ಹೋದರೂ ನೆರಳಿನಾಟ ಕಾಣುತ್ತದೆ.

ಇಲ್ಲಿ ನನ್ನನ್ನು ಹೆಚ್ಚು ಹಿಡಿದಿಡುವುದು ಪಿರಮಿಡ್‌ಗಿಂತ ಚೆಂಡಾಟದ ಅಂಗಳ. 168 ಮೀಟರ್ ಉದ್ದ, 70 ಮೀಟರ್ ಅಗಲ. ಮಧ್ಯ ಅಮೆರಿಕದ ಪ್ರಾಚೀನ ಚೆಂಡಾಟದ ಅಂಗಳಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಗೋಡೆಯ ಬುಡದ ಕೆತ್ತನೆಯಲ್ಲಿ ತಲೆ ಕಡಿಸಿಕೊಂಡ ಆಟಗಾರನ ಕೊರಳಿನಿಂದ ರಕ್ತ ಹಾವುಗಳಾಗಿ ಚಿಮ್ಮುತ್ತದೆ. ಸ್ವಲ್ಪ ದೂರದಲ್ಲಿ ಶುಕ್ರಗ್ರಹದ ಚಲನೆಯನ್ನು ಗಮನಿಸಲು ಬಳಸಿದ ದುಂಡನೆಯ ವೀಕ್ಷಣಾಲಯ, ಇನ್ನೊಂದು ದಿಕ್ಕಿನಲ್ಲಿ ಹರಕೆಯ ವಸ್ತುಗಳನ್ನೂ ಮನುಷ್ಯರನ್ನೂ ಅರ್ಪಿಸುತ್ತಿದ್ದ ಪವಿತ್ರ ಮಡು. ಸುಣ್ಣಕಲ್ಲಿನ ನೆಲ ಕುಸಿದು ಉಂಟಾಗುವ ಇಂಥ ಮಡುಗಳಿಗೆ ಅಲ್ಲಿ ಸೆನೋಟೆ ಎನ್ನುತ್ತಾರೆ.

ಕೊರತೆಗಳೂ ಇವೆ. ಪಿರಮಿಡ್ ಹತ್ತುವುದು 2006ರಿಂದ ನಿಷಿದ್ಧ. ಕಾಲುದಾರಿಯ ಎರಡೂ ಬದಿಗೆ ಅಂಗಡಿಗಳು. ನೆರಳು ಕಡಿಮೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಎರಡು ಟಿಕೆಟ್ ಸೇರಿ ವಿದೇಶಿಯರಿಗೆ ಶುಲ್ಕ 600 ಪೆಸೊ ದಾಟಿದೆ.

ಇದಕ್ಕೆ ಒಂದು ಉಪಾಯವಿದೆ. ಕಾನ್ಕುನ್‌ನಿಂದ ಹಗಲು ಪ್ರವಾಸದ ಬಸ್ ಹಿಡಿಯುವ ಬದಲು ಹಿಂದಿನ ರಾತ್ರಿ ವಯ್ಯಾಡೊಲಿಡ್ ಪಟ್ಟಣದಲ್ಲಿ ತಂಗಿ. ಅಲ್ಲಿಂದ ಸುಮಾರು 45 ಕಿಲೋಮೀಟರ್. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವಾಗ ಒಳಗಿದ್ದರೆ, ದೊಡ್ಡ ಬಸ್ಸುಗಳು ಬರುವ ಹೊತ್ತಿಗೆ ನಿಮ್ಮ ನೋಟ ಮುಗಿದಿರುತ್ತದೆ. ಆ ಪಟ್ಟಣದ ಕೋಣೆ ಕಾನ್ಕುನ್ ಕಡಲತೀರದ ಕೋಣೆಗಿಂತ ಬಹಳ ಅಗ್ಗ. ಕಾನ್ಕುನ್‌ನಿಂದಲೇ ಹೊರಡುವವರು ಗಡಿಯಾರವನ್ನು ಗಮನಿಸಲಿ: ಯುಕಟಾನ್ ರಾಜ್ಯದ ಸಮಯ ಕಾನ್ಕುನ್‌ಗಿಂತ ಒಂದು ಗಂಟೆ ಹಿಂದೆ. ಬೇಗ ಎದ್ದವರಿಗೆ ಒಂದು ಗಂಟೆಯ ಲಾಭ.

ಉಶ್ಮಾಲ್: ಮನೆಮಂದಿಯೊಂದಿಗೆ ಹೋಗುವವರಿಗೆ

ತಂದೆ ತಾಯಿಯನ್ನು ಕರೆದುಕೊಂಡು ಹೋಗುವವರು ಒಂದನ್ನೇ ಆರಿಸಬೇಕಾದರೆ ಉಶ್ಮಾಲ್ ಆರಿಸಿ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಮೆರಿದಾ ನಗರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್. ಚಿಚೆನ್ ಇಟ್ಸಾದಷ್ಟು ನೂಕುನುಗ್ಗಲಿಲ್ಲ. ಮುಖ್ಯ ಕಟ್ಟಡಗಳು ಒಂದರ ಪಕ್ಕ ಒಂದಿರುವುದರಿಂದ ಬಹಳ ನಡೆಯಬೇಕಿಲ್ಲ, ಮೇಲೆ ಹತ್ತದೆಯೂ ಮುಕ್ಕಾಲು ಪಾಲು ಸೊಗಸು ಕಣ್ಣಿಗೆ ಸಿಗುತ್ತದೆ.

ಇಲ್ಲಿನ ಶೈಲಿಗೆ ಪುಕ್ ಎಂದು ಹೆಸರು. ಆ ಕಡೆಯ ತಗ್ಗು ಗುಡ್ಡಸಾಲಿನಿಂದ ಬಂದದ್ದು. ಗೋಡೆಯ ಕೆಳಗಿನ ಅರ್ಧ ಸಾದಾ, ಮೇಲಿನ ಅರ್ಧ ತುಂಬ ಕಲ್ಲಿನ ಜಾಲಂಧ್ರ, ಹಾವು, ಮುಖವಾಡ. ಆ ಮೇಲ್ಪಟ್ಟಿಯನ್ನು ಗೋಡೆಯ ಮೇಲೆ ಕೆತ್ತಿದ್ದಲ್ಲ. ಸಾವಿರಾರು ಬಿಡಿ ಕಲ್ಲುಗಳನ್ನು ಮೊದಲೇ ಅಳತೆಗೆ ಕೊರೆದಿಟ್ಟುಕೊಂಡು ಆಮೇಲೆ ಜೋಡಿಸಿದ್ದು. ರಾಜ್ಯಪಾಲರ ಅರಮನೆ ಎಂದು ಸ್ಪೇನಿನವರು ಕರೆದ ಕಟ್ಟಡದ ಉದ್ದ ನೂರು ಮೀಟರಿನ ಆಸುಪಾಸು. ಅದರ ಮುಂದಿನ ಜಗತಿಯ ಮೇಲೆ ನಿಂತು ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಹಾಯಿಸಿದರೆ ಒಂದೇ ಒಂದು ಕಲ್ಲೂ ಲಯ ತಪ್ಪಿಲ್ಲ ಎನಿಸುತ್ತದೆ. ಮಾಯಾ ವಾಸ್ತುವಿನಲ್ಲಿ ಇದಕ್ಕಿಂತ ಸಮತೂಕದ ಕಟ್ಟಡವನ್ನು ನಾನು ಹೆಸರಿಸಲಾರೆ.

ಮೂಲೆ ಮೂಲೆಯಲ್ಲೂ ಇಣುಕುವ ಉದ್ದ ಮೂಗಿನ ಮುಖ ಚಾಕ್ ಎಂಬ ಮಳೆದೇವರದ್ದು. ಅವನಿಗೆ ಇಲ್ಲಿ ಇಷ್ಟು ಸೇವೆ ಸಲ್ಲಲು ಕಾರಣವಿದೆ. ಈ ಗುಡ್ಡಸೀಮೆಯಲ್ಲಿ ನದಿಯಿಲ್ಲ, ಅಂತರ್ಜಲ ಬಹಳ ಆಳ, ಉತ್ತರದಂತೆ ಕೈಗೆಟುಕುವ ಸೆನೋಟೆಗಳೂ ಇಲ್ಲ. ಅಂಗಳದಲ್ಲಿ ಬಿದ್ದ ಮಳೆನೀರನ್ನು ಚುಲ್ತುನ್ ಎಂಬ ನೆಲದಡಿಯ ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡೇ ಇಡೀ ನಗರ ಬಾಳಿತು. ಮಳೆಗಾಗಿ ಮುಗಿಲು ನೋಡುವ ಊರುಗಳಿಂದ ಬಂದವರಿಗೆ ಆ ಮುಖವಾಡಗಳ ಸಾಲು ಬೇಗ ಅರ್ಥವಾಗುತ್ತದೆ.

ಕಾರು ಇದ್ದರೆ ಅದೇ ದಾರಿಯಲ್ಲಿ ಕಬಾಹ್, ಸಯಿಲ್, ಲಬ್ನಾ ಎಂಬ ಚಿಕ್ಕ ನಗರಗಳೂ ಸಿಗುತ್ತವೆ. ಕಬಾಹ್‌ನ ಒಂದು ಕಟ್ಟಡದ ಮುಂಭಾಗ ಪೂರ್ತಿ ನೂರಾರು ಚಾಕ್ ಮುಖಗಳಿಂದಲೇ ತುಂಬಿದೆ. ಹೊರಡುವ ಮುನ್ನ ಯಾವುದು ತೆರೆದಿದೆ ಎಂದು ಮೆರಿದಾದಲ್ಲಿ ವಿಚಾರಿಸಿಕೊಳ್ಳಿ. ಇಲ್ಲಿಯೂ ಎರಡು ಟಿಕೆಟ್ ಪದ್ಧತಿಯೇ. ಉಶ್ಮಾಲ್‌ನ ಕೊರತೆ ಎಂದರೆ ಕಾನ್ಕುನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಲಾಗದು. ಮೆರಿದಾಕ್ಕೆ ನೇರ ವಿಮಾನ ಸಿಕ್ಕರೆ ಅಲ್ಲಿಗೇ ಇಳಿಯಿರಿ.

ಪಲೆಂಕೆ: ಕಥೆ ಬೇಕಾದವರಿಗೆ

ಚಿಯಾಪಾಸ್ ರಾಜ್ಯದ ಹಸಿರು ಬೆಟ್ಟದ ಬುಡದಲ್ಲಿರುವ ಈ ನಗರ ಗಾತ್ರದಲ್ಲಿ ದೊಡ್ಡದಲ್ಲ. ಆದರೆ ಇಲ್ಲಿ ರಾಜರಿಗೆ ಹೆಸರಿದೆ, ಮುಖವಿದೆ. ಕಿನಿಚ್ ಹನಾಬ್ ಪಕಾಲ್ 615ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 683ರವರೆಗೆ ಆಳಿದ. ಅವನ ಸಮಾಧಿಯನ್ನು ಹುಡುಕಿದವನು ಮೆಕ್ಸಿಕೊದ ಪುರಾತತ್ವಜ್ಞ ಆಲ್ಬರ್ಟೊ ರೂಸ್. ಪಿರಮಿಡ್ಡಿನ ಮೇಲಿರುವ ಶಾಸನಗಳ ದೇಗುಲದ ನೆಲಹಾಸಿನ ಒಂದು ಚಪ್ಪಡಿಯಲ್ಲಿ ರಂಧ್ರಗಳಿದ್ದುದು ಅವನ ಕಣ್ಣಿಗೆ ಬಿತ್ತು. ಅದನ್ನು ಎತ್ತಿದಾಗ ಕಲ್ಲುಮಣ್ಣು ತುಂಬಿದ ಗುಪ್ತ ಮೆಟ್ಟಿಲು ಸಿಕ್ಕಿತು. ಹಲವು ವರ್ಷ ಆ ಕಲ್ಲುಮಣ್ಣನ್ನು ಹೊರಹಾಕಿದ ಮೇಲೆ 1952ರಲ್ಲಿ ಪಿರಮಿಡ್ಡಿನ ಬುಡದ ಕೋಣೆ ತೆರೆಯಿತು: ಕೆತ್ತಿದ ಬೃಹತ್ ಮುಚ್ಚಳ, ಅದರ ಕೆಳಗೆ ಜೇಡ್ ಕಲ್ಲಿನ ಮುಖವಾಡ ತೊಟ್ಟ ರಾಜ. ಮುಖವಾಡ ಈಗ ಮೆಕ್ಸಿಕೊ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದೆ. ಸಮಾಧಿಯೊಳಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ.

ಪಲೆಂಕೆಯ ಕುಶಲಿಗರು ಗಾರೆಯಲ್ಲಿ ಪಳಗಿದವರು. ಅರಮನೆಯ ಕಂಬಗಳ ಮೇಲಿನ ಆಕೃತಿಗಳಲ್ಲಿ ಬಟ್ಟೆಯ ಮಡಿಕೆ, ಕೈಬೆರಳಿನ ಬಾಗು ಇನ್ನೂ ಕಾಣುತ್ತವೆ. ಅರಮನೆಯ ನಡುವೆ ನಾಲ್ಕು ಹಂತದ ಗೋಪುರ, ಪಕ್ಕದಲ್ಲಿ ಕಲ್ಲಿನ ಕಾಲುವೆಯೊಳಗೆ ಹರಿಯುವ ಒತುಲುಮ್ ತೊರೆ. ಪಕಾಲನ ಮಗ ಕಟ್ಟಿಸಿದ ಶಿಲುಬೆ ಗುಂಪು ಎಂದು ಕರೆಯುವ ಮೂರು ದೇಗುಲಗಳನ್ನು ಬಿಟ್ಟುಬರಬೇಡಿ. ಸೆಕೆ ವಿಪರೀತ; ಬೆಳಿಗ್ಗೆಯೇ ಹೋಗಬೇಕು.

ಕಷ್ಟ ದಾರಿಯದ್ದು. ಮೆರಿದಾದಿಂದ ಇಡೀ ದಿನದ ಪ್ರಯಾಣ. ಸಮೀಪದ ದೊಡ್ಡ ವಿಮಾನ ನಿಲ್ದಾಣ ವಿಯಾಎರ್ಮೋಸಾ. ಅಲ್ಲಿಂದ ಸುಮಾರು ಎರಡು ಗಂಟೆ. ಚಿಯಾಪಾಸ್‌ನಲ್ಲಿ, ಅದರಲ್ಲೂ ಗ್ವಾಟೆಮಾಲಾ ಗಡಿಯ ಕಡೆ, ಇತ್ತೀಚಿನ ವರ್ಷಗಳಲ್ಲಿ ಅಪರಾಧಿ ಗುಂಪುಗಳ ಹೊಡೆದಾಟ ಹೆಚ್ಚಿದೆ. ಸುಂದರ ಭಿತ್ತಿಚಿತ್ರಗಳ ಬೊನಾಂಪಾಕ್ ಮತ್ತು ದೋಣಿಯಲ್ಲಿ ತಲುಪಬೇಕಾದ ಯಾಶ್ಚಿಲಾನ್ ಎಂಬ ಮಾಯಾ ನಗರಗಳು ಆ ಗಡಿಯ ಬಳಿಯೇ ಇವೆ. ಸರ್ಕಾರಗಳ ಪ್ರಯಾಣ ಸೂಚನೆಗಳನ್ನು ಓದಿಯೇ ನಿರ್ಧರಿಸಿ. ಹಗಲಿನಲ್ಲಿ ವಿಯಾಎರ್ಮೋಸಾ ಮಾರ್ಗವಾಗಿ ಪಲೆಂಕೆಗಷ್ಟೇ ಹೋಗಿ ಅದೇ ದಾರಿಯಲ್ಲಿ ಮರಳುವುದು ಜಾಣತನ. ಚಿಕ್ಕ ಮಕ್ಕಳಿದ್ದರೆ ಇದನ್ನು ಮುಂದಕ್ಕೆ ಹಾಕಿ.

ಟಿಕಾಲ್: ಒಂದನ್ನೇ ನೋಡಿ ತೃಪ್ತಿಪಡುವವರಿಗೆ

ದೂರವೂ ಹಣವೂ ಅಡ್ಡಿಯಾಗದಿದ್ದರೆ ನನ್ನ ಮತ ಟಿಕಾಲ್‌ಗೆ. ಗ್ವಾಟೆಮಾಲಾದ ಪೆಟೆನ್ ಕಾಡಿನಲ್ಲಿ, 575 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನದ ನಡುವೆ ಇರುವ ಈ ನಗರವನ್ನು 1979ರಲ್ಲಿ ಸಂಸ್ಕೃತಿ ಮತ್ತು ನಿಸರ್ಗ ಎರಡರ ನೆಲೆಯಲ್ಲೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವ ದಾರಿ ಮರಗಳ ನೆರಳಿನಲ್ಲಿ. ತಲೆಯ ಮೇಲೆ ಹೌಲರ್ ಮಂಗಗಳ ಗರ್ಜನೆ, ಕೊಂಬೆಯಲ್ಲಿ ಟೂಕಾನ್ ಹಕ್ಕಿ, ಹುಲ್ಲಿನಲ್ಲಿ ನವಿಲಿನ ಬಣ್ಣದ ಟರ್ಕಿ ಕೋಳಿಗಳು. ಹಳೆಯ ಕಲ್ಲು ನೋಡಲು ಬೇಸರಪಡುವ ಮಕ್ಕಳೂ ಇಲ್ಲಿ ಬೇಸರಪಡುವುದಿಲ್ಲ.

ಮಹಾಚೌಕದಲ್ಲಿ ಎರಡು ದೇಗುಲಗಳು ಮುಖಾಮುಖಿ ನಿಂತಿವೆ. 47 ಮೀಟರ್ ಎತ್ತರದ ಒಂದನೆಯ ದೇಗುಲದ ಅಡಿಯಲ್ಲಿ ಹಸಾವ್ ಚಾನ್ ಕವೀಲ್ ಎಂಬ ರಾಜನ ಸಮಾಧಿ ಸಿಕ್ಕಿತು. ಟಿಕಾಲ್ 562ರಲ್ಲಿ ಶತ್ರುಗಳಿಗೆ ಸೋತು ನೂರು ವರ್ಷಕ್ಕೂ ಹೆಚ್ಚು ಕಾಲ ಮಂಕಾಗಿತ್ತು. 695ರಲ್ಲಿ ಬದ್ಧವೈರಿ ಕಲಾಕ್ಮುಲ್ ಅನ್ನು ಸೋಲಿಸಿ ತಲೆ ಎತ್ತಿಸಿದವನು ಇವನೇ. ಇವನ ಮಗನ ಕಾಲದಲ್ಲಿ, ಸುಮಾರು 741ರಲ್ಲಿ, ನಾಲ್ಕನೆಯ ದೇಗುಲ ಎದ್ದಿತು. ಎತ್ತರ ಸುಮಾರು 65 ಮೀಟರ್. ಅದೇ ದಶಕದಲ್ಲಿ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಗಂಡನ ಕಂಚಿಯ ವಿಜಯದ ನೆನಪಿಗೆ ವಿರೂಪಾಕ್ಷ ದೇಗುಲ ಕಟ್ಟಿಸುತ್ತಿದ್ದಳು. ಭೂಮಿಯ ಎರಡು ಬದಿಗಳಲ್ಲಿ ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ ಎರಡು ರಾಜಮನೆತನಗಳು ಗೆಲುವನ್ನು ಕಲ್ಲಿನಲ್ಲಿ ನಿಲ್ಲಿಸುತ್ತಿದ್ದವು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ನಾಲ್ಕನೆಯ ದೇಗುಲಕ್ಕೆ ಪಕ್ಕದಲ್ಲಿ ಮರದ ಮೆಟ್ಟಿಲು ಕಟ್ಟಿದ್ದಾರೆ. ಮೇಲಿನಿಂದ ನೋಡಿದರೆ ಕಾಡಿನ ಹಸಿರಿನ ಮೇಲೆ ಉಳಿದ ದೇಗುಲಗಳ ನೆತ್ತಿಗಳಷ್ಟೇ ಕಾಣುತ್ತವೆ. ಸೂರ್ಯೋದಯಕ್ಕೆ ಪ್ರತ್ಯೇಕ ಟಿಕೆಟ್ ಇದೆ. ಮಂಜು ಕವಿದು ಸೂರ್ಯ ಕಾಣದೇ ಹೋಗುವುದು ಸಾಮಾನ್ಯವಾದರೂ ಆ ಹೊತ್ತಿನ ಕಾಡಿನ ಸದ್ದಿಗಾಗಿಯಾದರೂ ಹೋಗಬಹುದು. ಉದ್ಯಾನದೊಳಗೇ ಕೆಲವು ವಸತಿಗೃಹಗಳಿವೆ. ದುಬಾರಿ ಎನಿಸಿದರೆ ಸುಮಾರು 65 ಕಿಲೋಮೀಟರ್ ದೂರದ ಫ್ಲೋರೆಸ್ ಎಂಬ ಸರೋವರದ ಊರಿನಲ್ಲಿ ಎಲ್ಲ ದರದ ಕೋಣೆಗಳಿವೆ. ಗ್ವಾಟೆಮಾಲಾ ನಗರದಿಂದ ಫ್ಲೋರೆಸ್‌ಗೆ ವಿಮಾನದಲ್ಲಿ ಒಂದು ಗಂಟೆ. ರಾತ್ರಿ ಬಸ್ಸು ಅಗ್ಗ, ಆದರೆ ವಯಸ್ಸಾದವರಿಗೆ ಬೇಡ. ವಿದೇಶಿಯರ ಪ್ರವೇಶ ಶುಲ್ಕ ಬಹಳ ಕಾಲದಿಂದ 150 ಕೆಟ್ಸಾಲ್ (ಅಲ್ಲಿನ ಹಣ) ಇದೆ. ದಿನವಿಡೀ ನಡೆಯಬೇಕು ಎಂಬುದೊಂದೇ ಇದರ ಬೆಲೆ.

ಟಿಕಾಲ್‌ನ ವೈರಿ ಕಲಾಕ್ಮುಲ್ ಮೆಕ್ಸಿಕೊದ ಕಾಂಪೆಚೆ ರಾಜ್ಯದಲ್ಲಿದೆ. ಹೆದ್ದಾರಿ ಬಿಟ್ಟು ಕಾಡಿನೊಳಗೆ ಸುಮಾರು 60 ಕಿಲೋಮೀಟರ್ ಹೋಗಬೇಕು, ಊಟ ನೀರು ಕಟ್ಟಿಕೊಂಡೇ ಹೋಗಬೇಕು. ಏಕಾಂತ ಬೇಕಾದ ಗಟ್ಟಿ ಕಾಲಿನವರಿಗೆ ಅದು ಸ್ವರ್ಗ. ಕೆತ್ತನೆ ನೋಡಬೇಕೆಂದು ಹೋದರೆ ನಿರಾಸೆಯಾಗುತ್ತದೆ. ನೂರಕ್ಕೂ ಹೆಚ್ಚು ಶಾಸನಸ್ತಂಭಗಳಿದ್ದರೂ ಮೆದು ಸುಣ್ಣಕಲ್ಲು ಮಳೆಗೆ ಸವೆದುಹೋಗಿದೆ.

ಕೊಪಾನ್: ಶಿಲ್ಪವನ್ನು ಪ್ರೀತಿಸುವವರಿಗೆ

ಹೊಂಡುರಾಸ್‌ನ ಪಶ್ಚಿಮ ಅಂಚಿನಲ್ಲಿ, ಗ್ವಾಟೆಮಾಲಾ ಗಡಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ಇರುವ ಕೊಪಾನ್‌ನಲ್ಲಿ ಎತ್ತರದ ಪಿರಮಿಡ್ ಹುಡುಕಬೇಡಿ. ಇಲ್ಲಿ ಸಿಕ್ಕಿದ್ದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಹಸಿರು ಛಾಯೆಯ ಕಲ್ಲು. ಬೇಲೂರಿನ ಶಿಲ್ಪಿಗಳಿಗೆ ಬಳಪದ ಕಲ್ಲು ಒದಗಿದಂತೆ ಇವರಿಗೆ ಈ ಕಲ್ಲು ಒದಗಿತು. ಬೇರೆ ಮಾಯಾ ನಗರಗಳಲ್ಲಿ ರಾಜರು ಚಪ್ಪಡಿಯ ಮೇಲಿನ ತೆಳು ಉಬ್ಬುಚಿತ್ರಗಳಾದರೆ ಇಲ್ಲಿ ಕಲ್ಲಿನಿಂದ ಹೊರಬಂದು ನಿಂತ ಪೂರ್ಣ ಮೂರ್ತಿಗಳು.

ಅವುಗಳಲ್ಲಿ ಬಹುಪಾಲನ್ನು ಕೆತ್ತಿಸಿದವನು 695ರಲ್ಲಿ ಪಟ್ಟಕ್ಕೆ ಬಂದ ಹದಿಮೂರನೆಯ ರಾಜ. 738ರಲ್ಲಿ ಅಧೀನ ನಗರವಾದ ಕಿರಿಗುವಾದ ದೊರೆಯೇ ತಿರುಗಿಬಿದ್ದು ಅವನನ್ನು ಸೆರೆಹಿಡಿದು ಕೊಂದ. ಆ ಅವಮಾನದ ಬಳಿಕ ಅವನ ನಂತರದವರು ವಂಶದ ಕೀರ್ತಿಯನ್ನು ಮತ್ತೆ ಸಾರಲು ಚಿತ್ರಲಿಪಿಯ ಮೆಟ್ಟಿಲನ್ನು ಪೂರ್ತಿಗೊಳಿಸಿದರು. ಸುಮಾರು 2,200 ಅಕ್ಷರಚಿತ್ರಗಳಿರುವ ಅದು ನಮಗೆ ತಿಳಿದಿರುವ ಅತಿ ಉದ್ದದ ಮಾಯಾ ಶಾಸನ. ಇನ್ನೊಂದು ಪೀಠದ ನಾಲ್ಕೂ ಬದಿಗೆ ಹದಿನಾರು ರಾಜರು ಸಾಲಾಗಿ ಕುಳಿತಿದ್ದಾರೆ, ಮೊದಲನೆಯವನು ಹದಿನಾರನೆಯವನಿಗೆ ರಾಜದಂಡ ಕೊಡುವಂತೆ. ಶಾಸನ ಓದುವ ಹವ್ಯಾಸವಿದ್ದವರು ಆ ಪೀಠದ ಸುತ್ತ ಎಷ್ಟು ಸುತ್ತು ಹಾಕಿದರೂ ಕಡಿಮೆಯೇ. ಶಿಲ್ಪ ಸಂಗ್ರಹಾಲಯಕ್ಕೆ ಬೇರೆ ಟಿಕೆಟ್. ಅದನ್ನು ಉಳಿಸಲು ಹೋಗಬೇಡಿ. ಒಳಗೆ ರೊಸಾಲಿಲಾ ಎಂಬ ಹೂತಿಟ್ಟ ದೇಗುಲದ ಕಡುಗೆಂಪು ಬಣ್ಣದ ಪೂರ್ಣ ಗಾತ್ರದ ಪ್ರತಿಕೃತಿಯಿದೆ. ಮಾಯಾ ನಗರಗಳು ಇಂದಿನಂತೆ ಬೂದುಬಣ್ಣದಲ್ಲಿರಲಿಲ್ಲ, ಬಣ್ಣದಲ್ಲಿ ಮಿಂದಿದ್ದವು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ನಡಿಗೆ ಸುಲಭ, ಊರು ಒಂದು ಕಿಲೋಮೀಟರ್ ಹತ್ತಿರ, ವಸತಿ ಅಗ್ಗ, ಜನ ಕಡಿಮೆ. ಆದರೆ ಗ್ವಾಟೆಮಾಲಾದ ಆಂಟಿಗುವಾದಿಂದ ಹೊರಟರೆ ಅರ್ಧ ದಿನಕ್ಕೂ ಮೀರಿದ ರಸ್ತೆ ಪ್ರಯಾಣ ಮತ್ತು ಒಂದು ಗಡಿ ದಾಟುವಿಕೆ ಇದೆ. ಕನಿಷ್ಠ ಎರಡು ರಾತ್ರಿ ಇಡಿ.

ಉಳಿದವು

ತುಲುಮ್ ಕಡಲ ಬಂಡೆಯ ಮೇಲಿದೆ. ನೋಟ ಚೆಂದ, ಕಟ್ಟಡಗಳು ಸಾಧಾರಣ; ಅದೊಂದನ್ನೇ ನೋಡಿ ಮಾಯಾ ವಾಸ್ತು ನೋಡಿದೆ ಎಂದುಕೊಳ್ಳಬಾರದು. ಸ್ಪ್ಯಾನಿಷ್ ಬಾರದೆ ಅಳುಕುವವರಿಗೆ ಬೆಲೀಜ್ ಒಳ್ಳೆಯದು, ಅಲ್ಲಿನ ಆಡಳಿತ ಭಾಷೆ ಇಂಗ್ಲಿಷ್. ಸಾನ್ ಇಗ್ನಾಸಿಯೊ ಪಟ್ಟಣದಲ್ಲಿ ಉಳಿದರೆ ಶುನಾಂತುನಿಚ್ ಎಂಬ ಮಾಯಾ ನಗರ ಹತ್ತಿರ, ಕರಕೋಲ್ ಎಂಬ ಇನ್ನೊಂದು ಒಂದು ದಿನದ ಪ್ರವಾಸ.

ದಿನ, ಹಣ, ವೀಸಾ

ಮೂರ್ನಾಲ್ಕು ದಿನ, ಈಗಾಗಲೇ ಕಾನ್ಕುನ್ ಟಿಕೆಟ್ ಇದ್ದರೆ ವಯ್ಯಾಡೊಲಿಡ್‌ನಲ್ಲಿ ತಂಗಿ ಚಿಚೆನ್ ಇಟ್ಸಾ ನೋಡಿ, ಸೆನೋಟೆಯೊಂದರಲ್ಲಿ ಈಜಿ ಬನ್ನಿ. ಐದಾರು ದಿನ, ಹಿರಿಯರ ಜೊತೆ ಎಂದಾದರೆ ಮೆರಿದಾ ನೆಲೆ: ಉಶ್ಮಾಲ್‌ಗೆ ಒಂದು ದಿನ, ಚಿಚೆನ್ ಇಟ್ಸಾಕ್ಕೆ ಒಂದು ದಿನ, ನಡುವೆ ಒಂದು ದಿನ ವಿಶ್ರಾಂತಿ. ಒಂದು ವಾರಕ್ಕಿಂತ ಹೆಚ್ಚು ಸಮಯವಿದ್ದು ಕಾಲಲ್ಲಿ ಕಸುವಿದ್ದರೆ ಗ್ವಾಟೆಮಾಲಾ: ಟಿಕಾಲ್ ಮತ್ತು ಕೊಪಾನ್. ಈ ಜೋಡಿಯಲ್ಲಿ ಎತ್ತರವೂ ಶಿಲ್ಪವೂ ಎರಡೂ ಸಿಗುತ್ತವೆ. ದಿನದ ಖರ್ಚು ಯುಕಟಾನ್‌ಗಿಂತ ಕಡಿಮೆ, ಪ್ರಯಾಣದ ದಣಿವು ಹೆಚ್ಚು. ಯುಕಟಾನ್ ಮತ್ತು ಟಿಕಾಲ್ ಎರಡನ್ನೂ ಒಂದೇ ವಾರಕ್ಕೆ ತುರುಕಬೇಡಿ. 2023ರ ಡಿಸೆಂಬರ್‌ನಲ್ಲಿ ಆರಂಭವಾದ ಮಾಯಾ ರೈಲು ಕಾನ್ಕುನ್, ಮೆರಿದಾ, ಪಲೆಂಕೆಗಳನ್ನು ಜೋಡಿಸುತ್ತದೆ. ನಿಲ್ದಾಣಗಳು ಊರಿನಿಂದ ದೂರ ಇರುವುದುಂಟು, ಆ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಕ್ರಿಸ್‌ಮಸ್ ಮತ್ತು ಈಸ್ಟರ್ ವಾರ ತಪ್ಪಿಸಿ. ಮೆಕ್ಸಿಕೊದಲ್ಲಿ ಭಾನುವಾರ ಸ್ಥಳೀಯರಿಗೆ ಪ್ರವೇಶದಲ್ಲಿ ರಿಯಾಯಿತಿ ಇರುವುದರಿಂದ ಜನ ಹೆಚ್ಚು.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಮೆಕ್ಸಿಕೊಕ್ಕೆ ಬೇರೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದಿರಬಾರದು, ಅಮೆರಿಕಕ್ಕೆ ಮರಳುವಂತೆ ಅದು ಬಹುಪ್ರವೇಶದ್ದಾಗಿರಬೇಕು. ಗ್ವಾಟೆಮಾಲಾ, ಹೊಂಡುರಾಸ್‌ಗಳ ನಿಯಮ ಬೇರೆ. ರಾಯಭಾರ ಕಚೇರಿಯಲ್ಲಿ ಕೇಳಿಯೇ ವಿಮಾನ ಕಾದಿರಿಸಿ. ಬೆಂಗಳೂರಿನಿಂದ ಅಮೆರಿಕದ ಮೂಲಕ ಹೋಗುವವರಿಗೆ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು.

ಸಸ್ಯಾಹಾರಿಗಳು ಹಸಿದಿರಬೇಕಿಲ್ಲ. ಮೆಕ್ಕೆಜೋಳದ ತೊರ್ತಿಯಾ, ಅಲಸಂದೆಯಂಥ ಕರಿಕಾಳು, ಕುಂಬಳ ಬೀಜ ಮತ್ತು ಟೊಮೆಟೊ ಅರೆದು ಮಾಡುವ ಸಿಕಿಲ್ ಪಾಕ್ ಚಟ್ನಿ ಯುಕಟಾನ್‌ನಲ್ಲಿ ಎಲ್ಲೆಡೆ ಸಿಗುತ್ತವೆ. ಆದರೆ ಕಾಳನ್ನು ಹಂದಿಕೊಬ್ಬಿನಲ್ಲಿ ಬೇಯಿಸುವುದು ಅಲ್ಲಿ ವಾಡಿಕೆ. 'ಸಿನ್ ಕಾರ್ನೆ, ಸಿನ್ ಮಂತೇಕಾ' ಎಂದು ಹೇಳಿದರೆ ಮಾಂಸವೂ ಹಂದಿಕೊಬ್ಬೂ ಬೇಡ ಎಂದಾಗುತ್ತದೆ. ಅಡುಗೆಯವರು ಒಪ್ಪಿಕೊಂಡ ಮೇಲೆಯೇ ಕುಳಿತುಕೊಳ್ಳಿ.